ಚಾಂದನಿಯ ಕುತ್ತಿಗೆಯ ಗಂಟು

ಪಕ್ಕದ ಮನೆಯವರು ಕೂಸಿನ ಹೊಟ್ಟೆನೋವಿಗೆಂದು ಅಜವಾನ ಹುರಿದರೆ ನನಗೆ ಕುದುರೆ ನೆನಪಾಗುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಮನೆಯೇ ಇಲ್ಲವಾಗಿ ಅದಷ್ಟೇ ಉಳಿದದ್ದು. ಹುಮನಾಬಾದಿನಲ್ಲಿ ಅಪ್ಪ ಟಾಂಗಾ ಹೊಡೆಯುತ್ತಿದ್ದ, ಬಸ್ ನಿಲ್ದಾಣದಿಂದ ಮಾಣಿಕನಗರಕ್ಕೆ. ಅವನ ಬಿಳಿ ಕುದುರೆ ಚಾಂದನಿಗೆ ಆಗಾಗ ಹೊಟ್ಟೆ ನುಲಿಯುತ್ತಿತ್ತು. ಅಜವಾನ, ಇಂಗು, ಕರಿ ಉಪ್ಪು, ಒಂದಿಷ್ಟು ಭಂಗಿ ಸೊಪ್ಪು ಕುಟ್ಟಿ, ಬೆಲ್ಲದಲ್ಲಿ ಉಂಡೆ ಕಟ್ಟಿ ತಿನ್ನಿಸುತ್ತಿದ್ದ. ಇಳಿಯದಿದ್ದರೆ ದನದ ದವಾಖಾನೆಯ ಡಾಕ್ಟರು ಬಂದು ಸೂಜಿ ಹಾಕುವರು. "ನಿನ್ನ ಉಂಡಿ ನೀ ಕೊಡಪ್ಪ, ಬ್ಯಾಡ ಅನ್ನಂಗಿಲ್ಲ. ಖರೆ, ಕೊಟ್ಟಿದ್ದು ನನಗ ತಿಳೀಬೇಕು. ಭಂಗಿ ಮ್ಯಾಲ ನನ್ನ ಸೂಜಿ ಬಿದ್ದರ ಕುದುರಿ ಮಲಗ್ತದ" ಎಂದಿದ್ದರು. ಹಾಗಾಗಿ ಉಂಡೆ ಕೊಟ್ಟವರು ಕುದುರೆಯ ಕುತ್ತಿಗೆಯ ಕೂದಲಿಗೆ ಒಂದು ಗಂಟು ಹಾಕಬೇಕು. ಡಾಕ್ಟರು ಅದನ್ನು ನೋಡಿಯೇ ಚೀಲ ಬಿಚ್ಚುವರು.

ಹಿರಿಯಳು ನಾನು, ಆದರೆ ಉಂಡೆ ಕಟ್ಟುವುದನ್ನು ಅಪ್ಪ ಕಲಿಸಿದ್ದು ತಂಗಿ ಗಂಗವ್ವನಿಗೆ. "ನಿನ್ನ ಕೈ ಒರಟವ್ವ, ಕುದುರಿ ಬೆದರ್ತದ" ಎಂದ. ಚಾಂದನಿ ಅವಳ ಅಂಗೈ ನೆಕ್ಕುವುದನ್ನೂ, ಅಪ್ಪ ನಗುವುದನ್ನೂ, ಔಷಧದ ಚೀಲ ಅವಳ ಸೊಂಟದಲ್ಲಿ ತೂಗುವುದನ್ನೂ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಕುದುರೆಗಾದರೂ ಔಷಧವಿತ್ತು. ಒಂದು ಮುಂಜಾನೆ ಚಾಂದನಿ ಹೊರಳಾಡತೊಡಗಿತು. ಉಂಡೆ ಕೊಡು ಎಂದು ಗಂಗವ್ವನಿಗೆ ಹೇಳಿ ಅಪ್ಪ ಡಾಕ್ಟರನ್ನು ಕರೆಯಲು ಓಡಿದ. ಅವಳು ಕೊಟ್ಟಳು, ಗಂಟು ಹಾಕಿದಳು, ನೀರಿಗೆಂದು ಕೊಡ ತೆಗೆದುಕೊಂಡಳು. ನಾನು ಹೋಗಿ ಗಂಟು ಬಿಚ್ಚಿದೆ. ಕೊಡಲಿಲ್ಲವೆಂದು ಅಪ್ಪ ಅವಳನ್ನು ಬೈಯಲಿ, ಅಷ್ಟೇ ನನಗೆ ಬೇಕಾಗಿದ್ದುದು.

ಡಾಕ್ಟರು ಬಂದಾಗ ಗಂಗವ್ವ ಇನ್ನೂ ನೀರಿನಿಂದ ತಿರುಗಿ ಬಂದಿರಲಿಲ್ಲ. ಅವರು ಕುದುರೆಯ ಕುತ್ತಿಗೆ ತಡವಿದರು. "ಉಂಡಿ ಕೊಟ್ಟಿಲ್ಲೇನು?" "ಗಂಟಿಲ್ಲಂದ್ರ ಇಲ್ರಿ ಸಾಹೇಬ್ರ" ಎಂದ ಅಪ್ಪ. ಸೂಜಿ ಒಳಗೆ ಹೋಯಿತು. ನಾನು ಅಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಕುದುರೆ ತೂರಾಡಿ ಮುಂಗಾಲು ಮಡಚಿ ಕಲ್ಲಿನ ಮೇಲೆ ಬಿತ್ತು. ಸಂಜೆ ಎದ್ದಿತು, ಆದರೆ ಕುಂಟಾಗಿ ಎದ್ದಿತು. ಟಾಂಗಾಕ್ಕೆ ಮತ್ತೆ ಹೂಡಲಾಗಲಿಲ್ಲ. ಅಪ್ಪ ಗಂಗವ್ವನ ಕೆನ್ನೆಗೆ ಹೊಡೆದ. "ಸಡಿಲ ಕಟ್ಟಿದ್ದೆನಪ್ಪಾ" ಎಂದಳು ಅವಳು. ಅಪ್ಪ ಅವಳ ಸೊಂಟದ ಚೀಲ ಬಿಚ್ಚಿ ನನಗೆ ಕೊಟ್ಟ. ನಾನು ತೆಗೆದುಕೊಂಡೆ.

ಅಪ್ಪ ಹೋದ, ಟಾಂಗಾಗಳು ಹೋದವು, ಲಾಯದ ಜಾಗದಲ್ಲಿ ಈಗ ಆಟೋ ನಿಲ್ಲುತ್ತವೆ. ಹೋದ ವರ್ಷ ಬಸವಕಲ್ಯಾಣದಲ್ಲಿ ಗಂಗವ್ವ ಹಾಸಿಗೆ ಹಿಡಿದಾಗ, ಹೇಳಿಬಿಡೋಣವೆಂದು ಹೋದೆ.

"ಗೊತ್ತದ ಬಿಡಕ್ಕ" ಎಂದಳು. "ಬಾಗಿಲದಾಗಿಂದ ನೋಡಿದ್ದೆ. ಬಿಗಿ ಮಾಡಿ ಕಟ್ಟಾಕತ್ತೀ ಅನ್ಕೊಂಡು ನೀರಿಗಿ ಹೋದೆ."

"ಆಮ್ಯಾಲರೆ ಅಪ್ಪಗ ಹೇಳಬೇಕಿಲ್ಲೇನು, ಹುಚ್ಚಿ?"

"ಹೇಳಿದ್ರ ನಿನ್ನ ಜೀವಂತ ಬಿಡ್ತಿದ್ದನೇನು?" ಎಂದು ನಕ್ಕು ಗೋಡೆಯ ಕಡೆ ಹೊರಳಿದಳು. ಎಂಟು ದಿನಕ್ಕೆ ತೀರಿಕೊಂಡಳು. ಮಂದಿಯೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ ಹೋದಳಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.