ಗುಡಿ ಬಳಸಿ ಹಾರಿದವನು

ನಮ್ಮ ಕೊಟ್ಟೂರಿನ ಗುರುಸಂಗಪ್ಪ ಸಣ್ಣಂದಿನಿಂದಲೂ ಮಾಳಿಗೆಯ ಮೇಲೆ ಅಂಗಾತ ಮಲಗಿ ಮೋಡ ನೋಡುವ ಆಸಾಮಿ. ಕೂಗಿದರೂ ಕೇಳಿಸುತ್ತಿರಲಿಲ್ಲ. ಅಪ್ಪನ ಹತ್ತಿ ಜಿನ್ನಿನ ಗಿರಣಿ ಚೆನ್ನಾಗಿ ನಡೆಯುತ್ತಿದ್ದ ಕಾಲ, ೧೯೭೮ರ ಸುಮಾರು, ವಿಮಾನ ಕಲಿಯುತ್ತೇನೆಂದು ಹಟ ಹಿಡಿದು ಹೊಸಪೇಟೆ ಆಚೆಯ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿಯೇಬಿಟ್ಟ.

ರಜೆಗೆ ಬಂದರೆ ಬಾಯಲ್ಲಿ ಬರೀ ಆಕಾಶದ ಕಾನೂನು. ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನ ಆಕಾಶಕ್ಕೆ ರೇಡಿಯೋದಲ್ಲಿ ಅಪ್ಪಣೆ ಕೇಳಿಯೇ ಕಾಲಿಡಬೇಕಂತೆ. ನಮ್ಮ ಕಡೆಯದು ಬಯಲು ಆಕಾಶ, ಕೇಳುವವರಿಲ್ಲ, ಕಣ್ಣೇ ಗತಿ. ಮೋಡದಿಂದ ದೂರ ಇರಬೇಕು, ಊರಿನ ಮೇಲೆ ಸಾವಿರ ಅಡಿಗಿಂತ ಕೆಳಗಿಳಿಯಬಾರದು, ನೆಲ ಕಾಣದಿದ್ದರೆ ಹಿಂದಕ್ಕೆ ತಿರುಗಬೇಕು. ಅವನ ಅವ್ವ ಹಂಪಮ್ಮ ಎಲ್ಲ ಕೇಳಿ ತನ್ನದೂ ಒಂದು ಕಾನೂನು ಸೇರಿಸಿದಳು: ಬಸವೇಶ್ವರನ ತಲೆಯ ಮೇಲಿಂದ ಹಾರಕೂಡದು. ಗುಡಿಗಿಂತ ಎತ್ತರ ಮಾಳಿಗೆ ಕಟ್ಟಲೂ ಹಿಂಜರಿಯುವ ಮನೆತನ ಅದು. ಅವನು ಹೂಂ ಅಂದ. ಹಂಪಮ್ಮನಿಗೆ ಇದ್ದದ್ದು ಒಂದೇ ಆಸೆ, ಮಗ ಹಾರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅವರ ಮನೆ ಗುಡಿಯ ಮಗ್ಗುಲಲ್ಲೇ ಇತ್ತು.

ಲೈಸೆನ್ಸಿಗೆ ಒಬ್ಬನೇ ಕೊಟ್ಟೂರಿನ ಮೇಲೆ ಹಾದು ಹರಪನಹಳ್ಳಿಯವರೆಗೆ ಹಾರಿ ಬರಬೇಕಿತ್ತು. ಯಾವ ದಿನವೆಂದು ಮೊದಲೇ ಹೇಳಿ ಕಳಿಸಿದ್ದ. ಆ ಬೆಳಿಗ್ಗೆ ಹಂಪಮ್ಮನ ಜೊತೆ ನೆರೆಮನೆಯ ನಾನೂ ಮಾಳಿಗೆ ಹತ್ತಿದೆ. ಹಗರಿಬೊಮ್ಮನಹಳ್ಳಿ ಕಡೆಯಿಂದ ರೈಲು ಹಳಿಯನ್ನೇ ಹಿಡಿದು ಬಂದವನು, ಊರು ಸಮೀಪಿಸಿದಂತೆ ಹಳಿ ಬಿಟ್ಟ. ದೇವರನ್ನು ಬಲಕ್ಕಿಟ್ಟುಕೊಂಡು ಗುಡಿಗೆ ಪೂರ್ತಿ ಒಂದು ಸುತ್ತು ಹಾಕಿದ. ಹಂಪಮ್ಮ ನಿಂತಲ್ಲೇ ಅವನ ಜೊತೆ ನಿಧಾನಕ್ಕೆ ತಿರುಗಿದಳು, ಸೆರಗು ಜಾರಿದ್ದೂ ಗೊತ್ತಿಲ್ಲದೆ. ಬಿಳಿ ರೆಕ್ಕೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ನನಗಂತೂ ಕಾಲು ನೆಲದ ಮೇಲಿದ್ದ ನೆನಪಿಲ್ಲ.

ಆ ಸುತ್ತು ಅವನ ನಕ್ಷೆಯಲ್ಲಿ ಇರಲಿಲ್ಲ. ಅಷ್ಟು ಹೊತ್ತಿಗೆ ಹರಪನಹಳ್ಳಿ ಕಡೆ ಮೋಡ ಇಳಿದು ದಾರಿ ಮುಚ್ಚಿತ್ತು. ಹಳಿ ಹಿಡಿಯೋಣವೆಂದರೆ ಆಗೆಲ್ಲ ಅದು ಕೊಟ್ಟೂರಿಗೇ ಮುಗಿಯುತ್ತಿತ್ತು. ನೆಲ ಕಾಣದೆ ಹಿಂದಿರುಗಿದ. ಎಲ್ಲ ಮೋಡದ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಪುಣ್ಯಾತ್ಮ, ಗುಡಿ ಸುತ್ತಿದ್ದನ್ನೂ ಹೇಳಿಬಿಟ್ಟ. ಕಲಿಸುವ ಸಾಹೇಬರು ಚೆನ್ನಾಗಿ ಬೈದು ನಪಾಸು ಮಾಡಿದರು. ಬಳಸಿ ಹೋಗುವುದಾದರೆ ಹೊರಡುವ ಮೊದಲೇ ನಕ್ಷೆಯಲ್ಲಿ ಗೆರೆ ಎಳೆದುಕೋ ಅಂದರಂತೆ.

ಎರಡನೇ ಸಲ ಗೆರೆ ಎಳೆದುಕೊಂಡೇ ಬಂದ. ಊರಾಚೆ ದೂರದಿಂದಲೇ ಬಳಸಿ ಹೋದ. ಮಾಳಿಗೆಯ ಮೇಲೆ ಕಾದಿದ್ದ ನಮಗೆ ಗುಂಯ್ ಅನ್ನುವ ಸದ್ದಷ್ಟೇ ಸಿಕ್ಕಿತು. ಪಾಸಾದ.

ಲೈಸೆನ್ಸು ತಂದು ಅವ್ವನ ಕೈಗಿಟ್ಟಾಗ ಹಂಪಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಮಗನ ಮುಖ ಸವರಿದಳು.

"ಪಾಸಾದ ದಿನ ನೀ ಕಾಣಸ್ಲೇ ಇಲ್ಲಪ್ಪ," ಅಂದಳು. "ನಪಾಸಾದ ದಿನಾನ ಚಂದಿತ್ತು."