ಬ್ಯಾಲೆ ಶಿಬಿರದ ಬಾಗಿಲಲ್ಲಿ ಕಾತರಿನವ್ವ

೧೯೮೨ರ ಬೇಸಿಗೆಯಲ್ಲಿ ಮಗಳು ರೋಜಿನಾಳನ್ನು ದಾಂಡೇಲಿಯ ಚರ್ಚ್ ಸಭಾಂಗಣದ ಬ್ಯಾಲೆ ನೃತ್ಯ ಶಿಬಿರಕ್ಕೆ ಕರೆತಂದು ಬಾಗಿಲಲ್ಲೇ ಕೂರುತ್ತಿದ್ದ ಕಾತರಿನವ್ವನಿಗೆ ಅಲ್ಲಿನದು ಯಾವುದೂ ಹಿಡಿಸದು. ಹಡಗಿನ ಕೆಲಸ ಬಿಟ್ಟು ಬಂದ ಜೇವಿಯರ್ ಮಾಸ್ತರರು ಎಣ್ಣೆ ಬ್ಯಾರಲ್ಲಿನ ತಳ ಬಡಿದು ಮಾಡಿದ ಸ್ಟೀಲ್ ಪ್ಯಾನ್ ಎಂಬ ವಾದ್ಯ ನುಡಿಸಿದರೆ, "ನೀರ ತುಂಬೂ ಬ್ಯಾರಲ್ ಹಾಳ ಮಾಡ್ಯಾರ" ಎನ್ನುವಳು, ಆ ನಾದಕ್ಕೆ ಮಕ್ಕಳು ಬ್ಯಾಲೆಯ ತುದಿಗಾಲಲ್ಲಿ ಎದ್ದರೆ, "ಹಿಮ್ಮಡ ಊರಿ ಕುಣೀರಿ, ನೆಲ ಏನ ಸುಡಾಕತ್ತೈತೇನು?" ಎಂದು ಕೂಗುವಳು. ದಿನವೂ ಹೊರಡುವಾಗ "ನಾಳಿಂದ ನಾವು ಬರೂದಿಲ್ರೀ" ಎಂದು ಖಡಾಖಂಡಿತ ಹೇಳಿ, ಮರುದಿನ ಎಲ್ಲರಿಗಿಂತ ಮೊದಲು ಹಾಜರಾಗುವಳು. ಶಿಬಿರ ಮುಗಿದ ಮಾರನೇ ಬೆಳಿಗ್ಗೆ ರೋಜಿನಾ ಅಡುಗೆಮನೆಗೆ ಇಣುಕಿದಳು. ಅವ್ವ ಮಾಸ್ತರರು ನುಡಿಸುತ್ತಿದ್ದ ಅದೇ ರಾಗ ಗುನುಗುತ್ತ, ಮೇಲಿನ ಹಲಗೆಯ ಚಹಾಪುಡಿ ಡಬ್ಬಿಗಾಗಿ ತುದಿಗಾಲಲ್ಲಿ ನಿಂತಿದ್ದಳು. ಡಬ್ಬಿ ಕೈಗೆ ಬಂದು ಎಷ್ಟೋ ಹೊತ್ತಾದರೂ ಹಿಮ್ಮಡಿ ಮಾತ್ರ ನೆಲಕ್ಕಿಳಿಯಲಿಲ್ಲ.