ಹದಿನೈದು ನಿಮಿಷ ಮುಂದಿದ್ದ ಕಂಪ್ಯೂಟರ್

ಇವತ್ತು ಬೆಂಗಳೂರಿಂದ ಒಬ್ಬರು ಬಂದು ನಮ್ಮ ಇನ್‌ಸ್ಟಿಟ್ಯೂಟಿನ ಕಂಪ್ಯೂಟರ್ ಮೇಲೆ ಒಂದು ಹಸಿರು ಸ್ಟಿಕ್ಕರ್ ಅಂಟಿಸಿದ್ರು. ಇನ್ನೇನು ಎರಡು ಸಾವಿರ ಇಸವಿ ಬರುತ್ತೆ, ಕಂಪ್ಯೂಟರ್ ಗಡಿಯಾರಗಳೆಲ್ಲ ಕೆಟ್ಟು ಲೋಕ ಮುಳುಗುತ್ತೆ ಅಂತಾರಲ್ಲ, ನಮ್ಮದು ಮುಳುಗಲ್ಲ ಅನ್ನೋದಕ್ಕೆ ಗುರುತು ಅದು. ಅಂಟಿಸೋಕೆ ಮುಂಚೆ ಪರದೆ ಮೂಲೆಯ ಟೈಮನ್ನ ತಮ್ಮ ವಾಚಿನ ಪಕ್ಕ ಇಟ್ಟು ನೋಡಿ, "ಪರವಾಗಿಲ್ವೇ, ಕರೆಕ್ಟಾಗಿದೆ," ಅಂದ್ರು. ಅಷ್ಟೇ ಮಾತು. ನನಗೆ ಮಾತ್ರ ಕಿವಿ ಬಿಸಿ ಆಯ್ತು. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ನಮ್ಮದು ಶಿಡ್ಲಘಟ್ಟ. ನಮ್ಮಪ್ಪ, ಮನೆ ಮಾತಲ್ಲಿ ಅಬ್ಬಾ, ರೀಲರ್. ಅಂದ್ರೆ ಮಾರ್ಕೆಟ್ಟಿನ ಹರಾಜಲ್ಲಿ ರೇಷ್ಮೆ ಗೂಡು ಹಿಡಿದು ತಂದು, ಬೇಯಿಸಿ, ನೂಲು ತೆಗೆಸೋರು. ಹರಾಜಿನ ಗಂಟೆ ಹೊಡೆಯೋ ಹೊತ್ತಿಗೆ ಅಲ್ಲಿ ಇರಲಿಲ್ಲ ಅಂದ್ರೆ ಒಳ್ಳೇ ಗೂಡು ಬೇರೆಯವರ ಪಾಲು, ನಮಗೆ ಉಳಿಯೋದು ಕಳಪೆ. ಅದಕ್ಕೇ ನಮ್ಮ ಬೀದೀಲಿ ರೀಲರ್‌ಗಳ ಮನೆ ಗಡಿಯಾರ ಎಲ್ಲಾ ಹದಿನೈದು ನಿಮಿಷ ಮುಂದೆ. ಗೋಡೆದೂ ಮುಂದೆ, ಕೈದೂ ಮುಂದೆ. ಮುಂದಿದೆ ಅಂತ ಎಲ್ಲರಿಗೂ ಗೊತ್ತು, ಆದ್ರೂ ಓಡ್ತಾರೆ. ಅದೇ ಅದರ ಮಜಾ. ನಾನು ಒಂದನೇ ಕ್ಲಾಸಿಗೆ ಸೇರಿದ ಹೊಸದ್ರಲ್ಲಿ ದಿನಾ ಬೀಗ ಹಾಕಿದ ಸ್ಕೂಲಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿರ್ತಿದ್ದೆ. ಈ ಮೇಷ್ಟ್ರುಗಳಿಗೆ ಟೈಮ್ ಅನ್ನೋದೇ ಇಲ್ಲ ಅಂದುಕೊಳ್ತಿದ್ದೆ. ಆಮೇಲೆ ಕಳೆಯೋದು ಅಭ್ಯಾಸ ಆಯ್ತು. ವಾಚ್ ನೋಡಿದ ತಕ್ಷಣ ತಲೆ ತಾನೇ ಹದಿನೈದು ಕಳೆದು ಹೇಳುತ್ತೆ. ಕಳೀತಿದ್ದೀನಿ ಅಂತ ನನಗೇ ಗೊತ್ತಾಗಲ್ಲ.

ಈಗ ಪದ್ಮಾವತಿ ಮೇಡಂ. ಬಸ್ ಸ್ಟ್ಯಾಂಡ್ ಹತ್ರ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟು. ಮೇಲೆ ಮಿಷನ್‌ಗಳ ಟಕಟಕ, ಕೆಳಗೆ ಅವರದೇ ಎಸ್‌ಟಿಡಿ ಬೂತು. ಹೋದ ವರ್ಷ ಧೈರ್ಯ ಮಾಡಿ ಒಂದು ಕಂಪ್ಯೂಟರ್, ಫೋನ್ ಲೈನಲ್ಲಿ ಇಂಟರ್‌ನೆಟ್ ಹಿಡಿಯೋ ಒಂದು ಮೋಡೆಮ್ ತಂದ್ರು. ನಾನು ಟೈಪಿಂಗ್ ಕಲಿಯೋಕೆ ಹೋದವನು ಕಂಪ್ಯೂಟರ್‌ಗೆ ಅಂಟಿಕೊಂಡೆ. ಕಲಿಸೋರು ಯಾರೂ ಇರಲಿಲ್ಲ. ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಹೆಲ್ಪ್ ಪೂರ್ತಿ ಓದಿದೆ, ಒತ್ತಬೇಡ ಅಂತಿದ್ದ ಬಟನ್‌ಗಳನ್ನೂ ಒತ್ತಿದೆ. ಎರಡು ಸಲ ಕೆಡಿಸಿದೆ, ಮೂರು ಸಲ ಸರಿ ಮಾಡಿದೆ. ಆ ಲೆಕ್ಕ ಹೇಗೆ ಅಂತ ಮೇಡಂ ಈಗಲೂ ಕೇಳ್ತಾರೆ.

ಶುಕ್ರವಾರ ಎರಡು ಗಂಟೆಗೆ ಇಂಟರ್‌ನೆಟ್ ಕ್ಲಾಸು, ಮೇಷ್ಟ್ರು ನಾನೇ. ಕಷ್ಟ ಏನಂದ್ರೆ ಒಂದು ಪುಟ ಬರೋಕೇ ಹತ್ತು ನಿಮಿಷ. ಚಿತ್ರ ಇದ್ರಂತೂ ಮೇಲಿಂದ ಒಂದೊಂದೇ ಗೆರೆ, ಬಾವಿಯಿಂದ ನೀರು ಸೇದಿದ ಹಾಗೆ. ಮುಂಚೆ ಬಂದು ತೆಗೆದಿಡೋಣ ಅಂದ್ರೆ ಶುಕ್ರವಾರ ಮಧ್ಯಾಹ್ನ ನನಗೆ ಮಸೀದೀಲಿ ಜುಮ್ಮಾ ನಮಾಜು. ಮೇಡಂ ಗೊಣಗೋಕೆ ಶುರು ಮಾಡಿದ್ರು, ಹುಡುಗರು ಖಾಲಿ ಪರದೆ ನೋಡೋಕೆ ಬರ್ತಾರೇನಪ್ಪ ಅಂತ.

ಆಗ ಸಿಕ್ಕಿತು ನೋಡಿ ನಿಧಿ. ಕಂಪ್ಯೂಟರ್ ಒಳಗೇ ಒಂದು ಫೋಲ್ಡರು. ಯಾವ ವಾರ, ಎಷ್ಟು ಗಂಟೆ, ಯಾವ ಪ್ರೋಗ್ರಾಮು ಅಂತ ತುಂಬಿ, ಬ್ರೌಸರ್ ಹೆಸರಾದ ಮೇಲೆ ಒಂದು ಜಾಗ ಬಿಟ್ಟು ವೆಬ್‌ಸೈಟಿನ ವಿಳಾಸ ಬರೆದ್ರೆ ಆಯ್ತು. ಹೇಳಿದ ಹೊತ್ತಿಗೆ ತಾನೇ ಫೋನ್ ಮಾಡುತ್ತೆ, ತಾನೇ ಪುಟ ತೆಗೆಯುತ್ತೆ. ಒಂದು ಪೇಪರಿನ ಪುಟ, ಒಂದು ಹವಾಮಾನದ್ದು, ಒಂದು ಮ್ಯೂಸಿಯಂನದು, ಒಂದರ ಹಿಂದೆ ಒಂದು ಬರೋ ಹಾಗೆ ಸೆಟ್ ಮಾಡಿದೆ. ಮೊದಲನೇದು ಸರಿಯಾಗಿ ಎರಡಕ್ಕೆ. ಕಂಪ್ಯೂಟರಿನ ಟೈಮ್ ತಪ್ಪಿತ್ತು, ನನ್ನ ವಾಚಿನ ಮುಳ್ಳು ಎಲ್ಲಿತ್ತೋ ಹಾಗೇ ನೋಡ್ಕೊಂಡು ಅದನ್ನೂ ತಿದ್ದಿದೆ. ಮಂಗಳವಾರ ಟ್ರಯಲ್ ನೋಡಿದೆ, ತೆಗೀತು. ಬುಧವಾರವೂ ತೆಗೀತು. ಶುಕ್ರವಾರ ಮೇಡಂಗೆ ನಾನಿಲ್ಲದೇನೇ ಕ್ಲಾಸ್ ಶುರು ಆಗುತ್ತೆ ನೋಡ್ತಾ ಇರಿ ಅಂತ ಹೇಳಿ ಮಸೀದಿಗೆ ಹೋದೆ.

ಇಲ್ಲಿ ಇನ್ನೊಂದು ವಿಷಯ ಹೇಳ್ಬೇಕು. ಇಡೀ ಕಟ್ಟಡಕ್ಕೆ ಇದ್ದಿದ್ದು ಒಂದೇ ಲೈನು. ಅದು ಮೊದಲು ಮೋಡೆಮ್‌ಗೆ ಬಂದು, ಅಲ್ಲಿಂದ ಬೂತಿಗೆ ಇಳೀತಿತ್ತು. ಮೋಡೆಮ್ ಎದ್ರೆ ಕೆಳಗಿನ ಫೋನ್ ಸತ್ತ ಹಾಗೆ. ನಮ್ಮ ಬೀದಿಯ ಹಾಜಿರಾ ಖಾಲಾ, ನಮಗೆಲ್ಲ ಚಿಕ್ಕಮ್ಮ ಇದ್ದ ಹಾಗೆ, ಅವರಿಗೆ ಪ್ರತಿ ಶುಕ್ರವಾರ ಒಂದೂ ಮುಕ್ಕಾಲರ ಹೊತ್ತಿಗೆ ಸೌದಿಯಿಂದ ಗಂಡನ ಫೋನು ಬರೋದು ಅದೇ ಬೂತಿಗೆ. ಎರಡರೊಳಗೆ ಮುಗಿಸಿ ಹೋಗ್ತಿದ್ರು. ಖಾಲೂ, ಅಂದ್ರೆ ಖಾಲಾ ಗಂಡ, ಊರಿಗೆ ಬಂದು ಮೂರು ವರ್ಷ ಆಗಿತ್ತು. ಮಗಳ ನಿಕಾಹ್ ನಿಶ್ಚಯ ಆಗಿತ್ತು, ತಾರೀಖು ಮಾತ್ರ ಬಾಕಿ. ರಜಾ ಸಿಗುತ್ತೋ ಇಲ್ಲವೋ ಅಂತ ಅವರು ಹೇಳ್ಬೇಕಿದ್ದಿದ್ದು ಆ ಶುಕ್ರವಾರವೇ.

ನಾನು ನಮಾಜ್ ಮುಗಿಸಿ ಓಡಿ ಬಂದು ಮೆಟ್ಟಿಲು ಹತ್ತಿದೆ. ಪರದೆ ಮೇಲೆ ಪೇಪರು, ಮುಂದೆ ಹುಡುಗರು ಮುತ್ತಿಕೊಂಡಿದ್ದಾರೆ. ಚಿಂತಾಮಣಿ ಕಡೆಯ ಒಬ್ಬ, "ಏಮಿ ಸಾರ್, ದೆವ್ವ ಇಟ್ಟಿದ್ದೀರಾ ಒಳಗೆ?" ಅಂದ. ನಾನು ಕಾಲರ್ ಸರಿ ಮಾಡ್ಕೊಂಡೆ.

ಮೇಡಂ ಮಾತ್ರ ನಗಲಿಲ್ಲ. ಕೆಳಗೆ ಹಾಜಿರಾ ಖಾಲಾ ಕೂತಿದ್ದಾರೆ, ಮಾತಾಡ್ತಾ ಮಾತಾಡ್ತಾ ಕಟ್ ಆಯ್ತಂತೆ, ಹೋಗಿ ನೋಡಪ್ಪ ಅಂದ್ರು. ಹೋದೆ. ಖಾಲಾ ರಿಸೀವರ್ ಮಡಿಲಲ್ಲಿಟ್ಟುಕೊಂಡು ಸ್ಟೂಲ್ ಮೇಲೆ ಕೂತಿದ್ರು. ಖಾಲೂ ರಜಾ ವಿಷಯ ಅಂತ ಬಾಯಿ ತೆಗೆದ್ರಂತೆ, ಅಲ್ಲಿಗೇ ನಿಂತುಹೋಯ್ತಂತೆ. ಮತ್ತೆ ಮಾಡ್ತಾರೆ ಅಂತ ಕಾಯ್ತಾ ಇದ್ರು. ನಾನು ದೊಡ್ಡ ಮೆಕ್ಯಾನಿಕ್ ಥರ ವೈರ್ ಅಲ್ಲಾಡಿಸಿ, ಎಕ್ಸ್‌ಚೇಂಜಲ್ಲಿ ಏನೋ ತೊಂದರೆ ಇರ್ಬೇಕು ಖಾಲಾ ಅಂದುಬಿಟ್ಟೆ.

ಅಂದ ಮೇಲೆ ಬೂತಿನ ಗೋಡೆ ಗಡಿಯಾರದ ಕಡೆ ಕಣ್ಣು ಹೋಯ್ತು. ರೇಡಿಯೋ ಜೊತೆ ಸರಿ ಮಾಡಿಟ್ಟ ಮೇಡಂ ಗಡಿಯಾರ. ಎರಡೂ ಎಂಟು. ಈಗ ತಾನೇ ಮೇಲೆ ಪರದೆ ಮೂಲೆಯಲ್ಲಿ ನೋಡಿದ್ದು ಎರಡೂ ಇಪ್ಪತ್ತೆರಡು.

ಕೋಟಿ ಕೋಟಿ ಕಳೆಯೋ ಲೆಕ್ಕ ಕ್ಷಣದಲ್ಲಿ ಮಾಡೋ ಯಂತ್ರ ಅದು. ಆದ್ರೆ ನಮ್ಮ ಬೀದಿಯ ಹದಿನೈದು ಕಳೀಬೇಕು ಅಂತ ಅದಕ್ಕೆ ಯಾರು ಹೇಳಿದ್ರು? ನಾನು ಹೇಳಲಿಲ್ಲ. ಒಂದೂ ಮುಕ್ಕಾಲಿಗೆ ಖಾಲಾ ಫೋನ್ ಹಿಡಿದಾಗ ಅದು ಎರಡು ಗಂಟೆ ಆಯ್ತು ಅಂತ ಎದ್ದುಬಿಟ್ಟಿದೆ. ಅಲ್ಲಿ ಖಾಲೂ ಮತ್ತೆ ಮತ್ತೆ ಮಾಡಿರ್ತಾರೆ, ಇಲ್ಲಿ ನನ್ನ ಮ್ಯೂಸಿಯಂ ಗೆರೆ ಗೆರೆಯಾಗಿ ಇಳೀತಾ ಇದೆ.

ಸುಮ್ಮನಿದ್ದಿದ್ರೆ ಎಕ್ಸ್‌ಚೇಂಜ್ ಮೇಲೆ ಹೋಗ್ತಿತ್ತು, ನಿಜ. ಮೇಲೆ ಹತ್ತಿ ವೈರ್ ಕಿತ್ತು, ಇಳಿದು ಬಂದು ಎಲ್ಲಾ ಹೇಳಿದೆ. ಎಕ್ಸ್‌ಚೇಂಜ್ ಅಲ್ಲ ಖಾಲಾ, ನಾನು ಅಂತ. ಅವರು ಬಯ್ಯಲಿಲ್ಲ, ಅದು ಇನ್ನೂ ಕಷ್ಟ. ಮೂರು ಗಂಟೆವರೆಗೂ ಇಬ್ರೂ ಕಾದ್ವಿ. ಫೋನ್ ಬರಲಿಲ್ಲ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಅಲ್ಲಿ ಆಗ ಜುಮ್ಮಾ ನಮಾಜಿನ ಹೊತ್ತಾಗಿತ್ತು. ಇನ್ನು ಮುಂದಿನ ವಾರವೇ.

ಏಳೋವಾಗ ಕೇಳಿದ್ರು. ನಮ್ಮ ಉರ್ದುವಲ್ಲಿ ಕೇಳಿದ್ದು, ಕನ್ನಡದಲ್ಲಿ ಹೇಳ್ತೀನಿ. "ಬೇಟಾ, ಆ ಡಬ್ಬಿ ನೀನು ಹೇಳಿದ ಟೈಮಿಗೆ ಏಳುತ್ತಾ?"

"ಏಳುತ್ತೆ ಖಾಲಾ."

"ಹಾಗಾದ್ರೆ ನಾನು ಎದ್ದ ಮೇಲೆ ಏಳು ಅಂತ ಹೇಳು."

ಆ ವಾರ ಪೂರ್ತಿ ಹೆಲ್ಪ್ ಮತ್ತೆ ಓದಿದೆ. ದಿನ ಹಾಕೋಕೆ ಜಾಗ ಇದೆ, ಗಂಟೆ ಹಾಕೋಕೆ ಇದೆ. ಖಾಲಾ ಎದ್ದ ಮೇಲೆ ಅನ್ನೋದನ್ನ ಬರೆಯೋಕೆ ಎಲ್ಲೂ ಜಾಗ ಇಲ್ಲ. ಕಂಪ್ಯೂಟರ್ ಟೈಮ್ ಸರಿ ಮಾಡಿದ್ರೂ ಮನಸ್ಸು ಒಪ್ಪಲಿಲ್ಲ, ಮಾತು ಎರಡು ಗಂಟೆ ದಾಟಿದ್ರೆ? ಕೊನೆಗೆ ಸೆಟ್ ಮಾಡಿದ್ದನ್ನೆಲ್ಲ ಅಳಿಸಿದೆ. ಮೂರು ಪುಟವನ್ನೂ ಒಂದೇ ಸಲ ಎಬ್ಬಿಸೋ ಒಂದು ಐಕಾನ್ ಮಾಡಿ ಪರದೆ ಮಧ್ಯ ಕೂರಿಸಿದೆ. ಗುರುವಾರ ಖಾಲಾನ ಕರ್ಕೊಂಡು ಬಂದು ಮೌಸ್ ಹಿಡಿಯೋದು ತೋರಿಸಿದೆ. ಬೇಯಿಸಿದ ಗೂಡಲ್ಲಿ ನೂಲಿನ ಎಳೆ ಹುಡುಕೋ ಬೆರಳು ಅವು, ಎರಡು ಸಲ ಟಕ್ ಟಕ್ ಅನ್ನಿಸೋದು ನನಗಿಂತ ಬೇಗ ಬಂತು.

ಮುಂದಿನ ಶುಕ್ರವಾರ ನಮಾಜಲ್ಲಿ ನನ್ನ ಗಮನ ಎಲ್ಲಿತ್ತೋ ಅಲ್ಲಾಹನಿಗೇ ಗೊತ್ತು. ನಾನು ಬರೋದೂ ಖಾಲಾ ಫೋನ್ ಇಟ್ಟು ಮೇಲೆ ಹತ್ತೋದೂ ಒಂದೇ ಸಲ ಆಯ್ತು. ಹುಡುಗರೆಲ್ಲ ದಾರಿ ಬಿಟ್ರು. ಏನಂದ್ರು ಅಂತ ಕೇಳೋ ಧೈರ್ಯ ನನಗಿರಲಿಲ್ಲ. ಅವರು ಕುರ್ಚಿ ಎಳೆದು ಕೂತು ಟಕ್ ಟಕ್ ಅನ್ನಿಸಿ, ಮೋಡೆಮ್ ಕಿರುಚೋದು ಮುಗಿಯೋವರೆಗೂ ಕಾದು, ಆಮೇಲೆ ಹೇಳಿದ್ರು: "ಈದ್ ಆದ ಮೇಲೆ ಬರ್ತಾರಂತೆ. ನಿಮ್ಮ ಅಬ್ಬಾಗೆ ಹೇಳು, ಬೀದಿ ಹಿರಿಯರೆಲ್ಲ ಕೂತು ನಿಕಾಹ್ ತಾರೀಖು ಇಡೋಣ."

ಖಾಲೂ ಬಂದ್ರು, ಮಗಳ ನಿಕಾಹ್ ಆಯ್ತು, ವಾಪಸ್ ಹೋದ್ರು. ಶುಕ್ರವಾರದ ಫೋನು ನಡೀತಾನೇ ಇದೆ, ಅದಾದ ಮೇಲೆ ಖಾಲಾ ಮೇಲೆ ಬಂದು ಟಕ್ ಟಕ್ ಅನ್ನಿಸೋದೂ. ನಮ್ಮ ಮನೆ ಗಡಿಯಾರವೂ ಹದಿನೈದು ನಿಮಿಷ ಮುಂದೇನೇ ಇದೆ, ಅಬ್ಬಾ ಹತ್ರ ಆ ಮಾತು ಎತ್ತೋ ಹಾಗಿಲ್ಲ. ನನ್ನ ವಾಚ್ ಮಾತ್ರ ಸರಿ ಮಾಡ್ಕೊಂಡಿದ್ದೀನಿ. ಮೊದಲ ತಿಂಗಳು ಅದರಲ್ಲೂ ಹದಿನೈದು ಕಳೆದು ಎಲ್ಲಾ ಕಡೆ ಲೇಟಾಗಿ ಹೋಗಿದ್ದು ಬೇರೆ ಕಥೆ.

ಇವತ್ತೂ ಶುಕ್ರವಾರವೇ. ಸ್ಟಿಕ್ಕರ್ ಅಂಟಿಸಿದೋರು ಕಾಫಿ ಕುಡೀತಾ ಗೋಡೆ ಗಡಿಯಾರ ನೋಡಿದ್ರು. ಎರಡೂ ಹತ್ತು. ಹುಡುಗರು ಖಾಲಿ ಪರದೆ ಮುಂದೆ ಕೂತಿದ್ದಾರೆ. ಕೆಳಗೆ ಖಾಲಾ ಇನ್ನೂ ಮಾತಾಡ್ತಾ ಇದ್ದಾರೆ. ಮಗಳು ಬಸುರಿ ಅಂತ ಗೊತ್ತಾಗಿದೆ, ಮಾತು ಎರಡು ಗಂಟೆಗೆ ಮುಗಿಯುತ್ತಾ? ಸ್ಟಿಕ್ಕರಿನವರಿಗೆ ನನ್ನ ಮೇಲೆ ಕನಿಕರ ಬಂತು ಅನ್ಸುತ್ತೆ. ಪುಟಗಳು ಅದರಷ್ಟಕ್ಕೇ ತೆರೆಯೋ ಹಾಗೆ ಮಾಡಬಹುದು, ಹೇಳಿಕೊಡ್ಲಾ, ಐದು ನಿಮಿಷದ ಕೆಲಸ ಅಂದ್ರು.

"ಬರುತ್ತೆ ಸಾರ್," ಅಂದೆ. "ಇಲ್ಲಿಗೆ ಬೇಡ."

ಯಾಕೆ ಅಂತ ಅವರು ಕೇಳೋ ಹೊತ್ತಿಗೆ ಕೆಳಗೆ ರಿಸೀವರ್ ಇಟ್ಟ ಸದ್ದು ಕೇಳಿಸ್ತು, ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನಾನು ಎದ್ದು ಕಂಪ್ಯೂಟರ್ ಮುಂದಿನ ಕುರ್ಚಿ ಬಿಟ್ಟುಕೊಟ್ಟೆ.